ಮರಿಯ ಪಾಲಿನ ಗಿಣ್ಣು

ನನ್ನ ಗಂಡನಿಗೆ ಹಸು ಬೇಕಿತ್ತು. ನಾನು ಸುತರಾಂ ಒಪ್ಪಲಿಲ್ಲ. ಅವರು ಮಂಡ್ಯದ ಕಡೆಯವರಾದರೂ ಬೆಳೆದದ್ದು ಪೇಟೆಯಲ್ಲಿ. ಹಸು ಎಂದರೆ ಅವರ ಕಣ್ಣ ಮುಂದೆ ಬರುವುದು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಬಾಳೆಹಣ್ಣು ತಿನ್ನುತ್ತ, ಸಾಧುವಾಗಿ ನಿಂತ ಹಸು. ನಾನು ಬೆಂಗಳೂರು ಗ್ರಾಮಾಂತರದ ಹಳ್ಳಿಯವಳು. ಶಾಲೆಗೆ ಹೋಗುವ ಮುಂಚೆ ಕೊಟ್ಟಿಗೆ ಬಾಚಿ, ಸಗಣಿ ಹೊತ್ತು ತಿಪ್ಪೆಗೆ ಹಾಕಿ, ತರಗತಿಯಲ್ಲಿ ಕೂತು ಕೈಯನ್ನು ಕದ್ದು ಮೂಸಿ ನೋಡಿಕೊಳ್ಳುತ್ತಿದ್ದವಳು. ಅಷ್ಟೆಲ್ಲ ಓದಿ, ಅಷ್ಟು ದೂರ ವಿಮಾನದಲ್ಲಿ ಪರದೇಶಕ್ಕೆ ಬಂದು, ಮತ್ತೆ ಸಗಣಿ ಬಾಚುವುದೇ? "ಹಸು ಬಂದ ದಿನ ನಾನು ವಾಲ್ನಟ್ ಕ್ರೀಕಲ್ಲಿ ಅಪಾರ್ಟ್‌ಮೆಂಟ್ ಮಾಡ್ಕೊಂಡು ಹೋಗ್ತೀನಿ, ನೀವು ನಿಮ್ಮ ಹಸು ಇಬ್ಬರೇ ಇರಿ" ಎಂದೆ. ಅವರು ನಕ್ಕರು, ಆದರೆ ನಾನು ಹೇಳಿದ್ದನ್ನು ಮಾಡುವವಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಪ್ರಾಣಿ ಮಾತ್ರ ಬೇಕೇ ಬೇಕಿತ್ತು. ಸ್ಯಾನ್ ರಮೋನಿನ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಮನೆ ಹಿಂದೆ ಎರಡೆಕರೆಯಷ್ಟು ಇಳಿಜಾರು. ಚಳಿಗಾಲದ ಮಳೆಗೆ ಹುಲ್ಲು ಸೊಂಟದೆತ್ತರ ಬೆಳೆಯುತ್ತದೆ, ಬೇಸಿಗೆ ಬರುವ ಹೊತ್ತಿಗೆ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಬೆಂಕಿ ಬಿದ್ದರೆ ಇಡೀ ಬೀದಿಗೇ ಅಪಾಯ ಎಂದು ಅಗ್ನಿಶಾಮಕದವರು ಪ್ರತಿವರ್ಷ ಹುಲ್ಲು ಕತ್ತರಿಸಿ ಎಂದು ನೋಟಿಸು ಕಳಿಸುತ್ತಾರೆ. ಕತ್ತರಿಸಿ ಕತ್ತರಿಸಿ ನಮಗೆ ಸಾಕಾಗಿತ್ತು. ತಿನ್ನುವ ಬಾಯಿಗಳು ಇದ್ದರೆ ಒಳ್ಳೆಯದು ಎಂದು ನನಗೂ ಅನಿಸಿತ್ತು.

ಅಲ್ಪಾಕಾ ನೋಡೋಣ ಎಂದು ಅವರು ಒಂದು ಶನಿವಾರ ನನ್ನನ್ನು ಊರಾಚೆಯ ಫಾರ್ಮ್ ಒಂದಕ್ಕೆ ಕರೆದುಕೊಂಡು ಹೋದರು. ಕುರಿಯ ಮೈಗೆ ಒಂಟೆಯ ಕತ್ತು ಹಚ್ಚಿದ ಹಾಗಿದ್ದ ಆ ಪ್ರಾಣಿಗಳ ಮುದ್ದುಮುಖ, ದೊಡ್ಡ ಕಣ್ಣು, ರೆಪ್ಪೆಗೂದಲು ಯಾವುದಕ್ಕೂ ನಾನು ಕರಗಲಿಲ್ಲ. ಆದರೆ ಫಾರ್ಮಿನ ಒಡತಿ ಬಯಲಿನ ಒಂದು ಮೂಲೆ ತೋರಿಸಿ, ಇವು ಹಿಕ್ಕೆ ಹಾಕುವುದು ಅಲ್ಲಿ ಮಾತ್ರ ಎಂದಳು. ಅವಳು ಹೇಳುತ್ತಿದ್ದಂತೆಯೇ ಒಂದು ಅಲ್ಪಾಕಾ ಮೇಯುವುದನ್ನು ಬಿಟ್ಟು, ಗಂಭೀರವಾಗಿ ಆ ಮೂಲೆಗೆ ನಡೆದುಹೋಗಿ, ಕೆಲಸ ಮುಗಿಸಿ ವಾಪಸು ಬಂತು. ಅದರ ಹಿಂದೆ ಇನ್ನೊಂದು ತನ್ನ ಸರದಿಗೆ ಕಾಯುತ್ತ ನಿಂತಿತ್ತು. ನಾನು ಗಂಡನ ಮುಖ ನೋಡಿ "ಯಾವಾಗ ತರೋಣ?" ಎಂದೆ.

ಹೀಗೆ ನಮ್ಮ ಹಿತ್ತಲಿಗೆ ಅಲ್ಪಾಕಾ ಬಂದವು. ಒಂದೇ ಒಂದನ್ನು ಸಾಕುವಂತಿಲ್ಲ, ಒಂಟಿಯಾದರೆ ಕೊರಗುತ್ತದೆ ಎಂದಿದ್ದರಿಂದ ಸಣ್ಣ ಮಂದೆಯನ್ನೇ ತಂದೆವು. ಬಣ್ಣದ ಮೇಲೆ ಕಂದುಬಣ್ಣದವಳು, ಬಿಳಿಯವಳು, ಕರಿಯವಳು ಎಂದು ಕರೆದೆವು. ಅವುಗಳ ರೀತಿ ನೀತಿ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಅವು ಬೊಗಳುವುದಿಲ್ಲ, ಅರಚುವುದಿಲ್ಲ. ಬಾಯಿ ಮುಚ್ಚಿಕೊಂಡೇ "ಹ್ಞೂಂ" ಎಂದು ಗುನುಗುತ್ತವೆ. ಸಂಕೋಚಕ್ಕೂ ಅದೇ, ಆತಂಕಕ್ಕೂ ಅದೇ, ಮರಿಯನ್ನು ಕರೆಯಲೂ ಅದೇ. ಸಿಟ್ಟು ಬಂದರೆ ಉಗಿಯುತ್ತವೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಅವುಗಳ ಈ ಗುಣ ನನಗೆ ಬೇಗ ಅರ್ಥವಾಯಿತು. ಬಿಸಿಲು ಜೋರಾದ ದಿನ ಪೈಪು ಹಿಡಿದು ಹೊಟ್ಟೆಗೂ ಕಾಲಿಗೂ ಮಾತ್ರ ನೀರು ಬಿಡಬೇಕು. ಬೆನ್ನಿನ ಉಣ್ಣೆ ನೆನೆದರೆ ಒಳಗಿನ ಸೆಕೆ ಹೊರಗೆ ಹೋಗದೆ ಇನ್ನೂ ಕಷ್ಟ.

ಬಂದ ನೆಂಟರು ಸ್ನೇಹಿತರೆಲ್ಲ ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದು, "ಹಾಲು ಕೊಡುತ್ತಾ?" ನಾನು ಇಲ್ಲ ಎನ್ನುತ್ತೇನೆ, ಮರಿಗೆ ಸಾಕಾಗುವಷ್ಟು, ಅಷ್ಟೇ. ಎರಡನೆಯದು, "ಮತ್ತೆ ಯಾಕ್ರೀ ಸಾಕಿದೀರಾ?" ಉಣ್ಣೆ ಬರುತ್ತದೆ, ಹುಲ್ಲು ತಿನ್ನುತ್ತವೆ ಎಂದು ಹೇಳಿದರೂ ಅವರ ಮುಖದಲ್ಲಿ ಸಮಾಧಾನ ಕಾಣುವುದಿಲ್ಲ. ಹಾಲು ಕೊಡದ ಪ್ರಾಣಿಗೆ ಮೇವು ಹಾಕುವ ಹುಚ್ಚು ನಮ್ಮ ಜನರಿಗೆ ಇನ್ನೂ ಅಭ್ಯಾಸವಾಗಿಲ್ಲ.

ಮರುವರ್ಷ ಮಾರ್ಚಿನ ಒಂದು ಬೆಳಿಗ್ಗೆ, ಫಾರ್ಮಿನ ಗಂಡಿನಿಂದ ಗಬ್ಬವಾಗಿದ್ದ ಕಂದುಬಣ್ಣದವಳು ಮರಿ ಹಾಕಿದಳು. ಅಲ್ಪಾಕಾಗಳು ಸಾಮಾನ್ಯವಾಗಿ ಬೆಳಿಗ್ಗೆ ಹೊತ್ತೇ ಹಾಕುವುದು, ಸಂಜೆಯ ಚಳಿ ಬರುವುದರೊಳಗೆ ಮರಿಯ ಮೈ ಒಣಗಬೇಕಲ್ಲ. ಆದರೆ ನಾವು ಲೆಕ್ಕ ಹಾಕಿದ್ದಕ್ಕಿಂತ ಬಹಳ ಮುಂಚೆಯೇ ಹಾಕಿಬಿಟ್ಟಿದ್ದಳು. ನಾನು ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದಾಗ ಹಸಿ ಹುಲ್ಲಿನ ಮೇಲೆ ಒದ್ದೆ ಬಟ್ಟೆ ಬಿಸಾಕಿದ ಹಾಗೆ ಮರಿ ಬಿದ್ದಿತ್ತು. ಗಂಡು ಮರಿ. ಕಿವಿಗಳು ನೆಟ್ಟಗಾಗದೆ ಬಾಗಿದ್ದವು. ಬಾಯಿ ಬಿಡಿಸಿ ನೋಡಿದರೆ ಹಲ್ಲು ಇನ್ನೂ ಒಸಡು ಸೀಳಿರಲಿಲ್ಲ. ತಾಯಿ ಪಕ್ಕದಲ್ಲಿ ನಿಂತು ಮೂಗು ತಾಗಿಸಿ ಗುನುಗುತ್ತಿದ್ದಳು. ಗಂಡನನ್ನು ಕೂಗಿದೆ. ಮೀಟಿಂಗಿನಲ್ಲಿದ್ದವರು ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಓಡಿ ಬಂದರು. ಟವೆಲಿನಲ್ಲಿ ಒರೆಸಿ, ಹೇರ್ ಡ್ರೈಯರಿನಿಂದ ಮೈ ಒಣಗಿಸಿ, ಅವರ ಆಫೀಸಿನ ಜಾಕೆಟ್ಟನ್ನೇ ಸುತ್ತಿದೆವು. ಸ್ವಲ್ಪ ಹೊತ್ತಿಗೆ ಮರಿ ನಡುಗುತ್ತ ಎದ್ದು ನಿಂತಿತು. ತಾಯಿಯ ಕೆಚ್ಚಲು ಹುಡುಕಿ ಬಾಯಿ ಹಾಕಿತು. ನಾನು ಬಗ್ಗಿ, ಮೊಲೆತೊಟ್ಟು ಹಿಂಡಿ ನೋಡಿದೆ. ಒಂದು ತೊಟ್ಟೂ ಬರಲಿಲ್ಲ. ಹೊತ್ತಿಗೆ ಮುಂಚೆ ಹೆತ್ತದ್ದರಿಂದ ಅವಳ ಮೈ ಇನ್ನೂ ಹಾಲಿಗೆ ಸಿದ್ಧವಾಗಿರಲಿಲ್ಲ.

ಪಶುವೈದ್ಯೆಗೆ ಫೋನ್ ಮಾಡಿದೆ. ಅವಳು ದೂರದಲ್ಲಿ ಕಷ್ಟದ ಹೆರಿಗೆಯಲ್ಲಿದ್ದ ಒಂದು ಕುದುರೆಯ ಹತ್ತಿರ ಇದ್ದಳು, ಬರಲಾಗುತ್ತಿರಲಿಲ್ಲ. ಫೋನಿನಲ್ಲೇ ವಿವರಿಸಿದಳು. ಅಲ್ಪಾಕಾ ಮರಿ ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದೇ ಇಲ್ಲ. ತಾಯಿಯ ಮೊದಲ ಹಾಲಿನಿಂದ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಹೊಟ್ಟೆಗೆ ಇರುವುದು ಮೊದಲ ದಿನ ಮಾತ್ರ, ಗಂಟೆ ಕಳೆದಂತೆ ಅದೂ ಕಡಿಮೆಯಾಗುತ್ತದೆ. ತಾಯಿಯದು ಸಿಗದಿದ್ದರೆ ಮೇಕೆಯದಾದರೂ ಸರಿ, ಹಸುವಿನದಾದರೂ ಸರಿ, ಮೊದಲ ಹಾಲೇ ಆಗಬೇಕು. ಇವತ್ತು ಸಿಗದಿದ್ದರೆ, ಇಷ್ಟು ಸಣ್ಣ ಮರಿ, ನಾನು ಆಸೆ ಹುಟ್ಟಿಸುವುದಿಲ್ಲ ಎಂದಳು.

ಅವಳು ಇಂಗ್ಲಿಷಿನಲ್ಲಿ ಅದಕ್ಕೊಂದು ದೊಡ್ಡ ಹೆಸರು ಹೇಳಿದಳು. ಫೋನಿಟ್ಟ ಮೇಲೆ ನನಗೆ ತಟ್ಟನೆ ಹೊಳೆಯಿತು: ಅವಳು ಕೇಳುತ್ತಿರುವುದು ಗಿಣ್ಣು ಹಾಲು. ಹಸು ಕರು ಹಾಕಿದ ಮನೆಯಿಂದ ಚೊಂಬಿನಲ್ಲಿ ಬರುತ್ತಿದ್ದದ್ದು. ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಕೊಯ್ದು ತಟ್ಟೆಗೆ ಹಾಕುತ್ತಿದ್ದದ್ದು. ಚಿಕ್ಕಂದಿನಲ್ಲಿ ಅದಕ್ಕಾಗಿ ನಾವು ಜಗಳವಾಡಿದ್ದೇವೆ. ಅದು ಯಾರ ಪಾಲಿನದು, ಯಾಕೆ ಅಷ್ಟು ಗಟ್ಟಿ, ಯಾಕೆ ಎರಡು ಮೂರು ದಿನ ಮಾತ್ರ ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಅಷ್ಟು ವರ್ಷ ಸಗಣಿ ಬಾಚಿದವಳಿಗೆ ಅದು ಸಿಹಿತಿಂಡಿಯಾಗಿ ಮಾತ್ರ ಗೊತ್ತಿತ್ತು.

ಮೇಕೆ ಸಾಕಿದ್ದ ಪರಿಚಯದವಳಿಗೆ ಫೋನ್ ಮಾಡಿದರೆ ಅವಳ ಮೇಕೆಗಳು ಮರಿ ಹಾಕಿ ತಿಂಗಳ ಮೇಲಾಗಿತ್ತು. ಮೇವಿನ ಅಂಗಡಿಯಲ್ಲಿ ಇದ್ದದ್ದು ಬರೀ ಕರುಗಳ ಹಾಲಿನ ಪುಡಿ, ಅದರಲ್ಲಿ ನಮಗೆ ಬೇಕಾದದ್ದಿಲ್ಲ. ಕೊನೆಗೆ ದಾರಿ ಕಾಣದೆ ನಮ್ಮ ಕಡೆಯವರ ವಾಟ್ಸಾಪ್ ಗುಂಪಿಗೆ ಬರೆದೆ: "ಅರ್ಜೆಂಟಾಗಿ ಗಿಣ್ಣು ಹಾಲು ಬೇಕು. ಯಾರ ಹತ್ತಿರವಾದರೂ ಇದೆಯಾ?" ಕೈಯೆಲ್ಲ ಒದ್ದೆ, ಯಾಕೆ ಬೇಕು ಎಂದು ಬರೆಯುವ ವ್ಯವಧಾನ ಇರಲಿಲ್ಲ.

ಉತ್ತರಗಳು ಸುರಿದವು. ಒಬ್ಬರು ಇಂಡಿಯನ್ ಗ್ರೋಸರಿಯಲ್ಲಿ ಸಿಗುವ ಗಿಣ್ಣು ಪೌಡರಿನ ಪೊಟ್ಟಣದ ಫೋಟೋ ಹಾಕಿದರು. ಇನ್ನೊಬ್ಬರು "ಕಂಡೆನ್ಸ್ಡ್ ಮಿಲ್ಕಿಗೆ ಎರಡು ಮೊಟ್ಟೆ ಹೊಡ್ದು ಹಾಕಿ, ಸೇಮ್ ಟೇಸ್ಟು, ಯಾರಿಗೂ ಗೊತ್ತಾಗಲ್ಲ" ಎಂದರು. ಮೊಟ್ಟೆ ತಿನ್ನದ ಒಬ್ಬರು ಅದಕ್ಕೆ ಬೇಜಾರು ಮಾಡಿಕೊಂಡು ಮೊಸರು ಹಾಕಿ ಮಾಡುವ ಬಗೆ ಹೇಳಿದರು. ಅವರಿಬ್ಬರ ನಡುವೆ ಚರ್ಚೆ ಶುರುವಾಯಿತು. ಮತ್ತೊಬ್ಬರು "ಏನು ವಿಶೇಷ? ಮಗಳಿಗೆ ಬಯಕೆನಾ?" ಎಂದು ನಗುವ ಮುಖ ಕಳಿಸಿದರು. ನನ್ನ ಮಗಳು ಆಗಿನ್ನೂ ಕಾಲೇಜಿನ ಡಾರ್ಮಿನಲ್ಲಿದ್ದಳು. ನನಗೆ ಮೈಯೆಲ್ಲ ಉರಿಯಿತು. ಫೋನನ್ನು ಬಾಯಿಗಿಟ್ಟುಕೊಂಡು ವಾಯ್ಸ್ ಮೆಸೇಜಿನಲ್ಲಿ ಕಿರುಚಿದೆ: "ತಿನ್ನೋಕಲ್ಲ ರೀ! ನಮ್ಮನೇಲಿ ಮರಿ ಹುಟ್ಟಿದೆ, ತಾಯಿಗೆ ಹಾಲಿಲ್ಲ, ಇವತ್ತು ಗಿಣ್ಣು ಹಾಲು ಕುಡೀದಿದ್ರೆ ಸತ್ತೋಗುತ್ತೆ! ರೆಸಿಪಿ ಕಳಿಸೋರು ದಯವಿಟ್ಟು ಸುಮ್ನಿರಿ!" ಗುಂಪು ಗಪ್‌ಚಿಪ್ಪಾಯಿತು.

ಸ್ವಲ್ಪ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ, ಹಾಸನದ ಕಡೆಯ ಮಾತು.

"ನೀನೇನವ್ವ ಗಿಣ್ಣಾಲು ಬೇಕು ಅಂತ ಕೂಗ್ದೋಳು? ನನ್ ಸೊಸೆ ಆಫೀಸಿಂದ ಫೋನ್ ಮಾಡಿ ನಿನ್ ಮಾತು ಕೇಳಿಸುದ್ಲು. ನಮ್ಮನೇಲಿ ಐತೆ ಕಣವ್ವ. ಫ್ರೀಜರ್ನಾಗೆ ಮಡಗಿವ್ನಿ. ಸರಟೋಗಾ ನಮ್ದು. ಬಾ."

ಮರಿಯನ್ನು ಗಂಡನ ಮಡಿಲಿಗೆ ಹಾಕಿ ನಾನು ಕಾರು ಹತ್ತಿದೆ. ಬೆಳಗಿನ ಟ್ರಾಫಿಕ್ಕಿನಲ್ಲಿ 680 ಹೆದ್ದಾರಿ ತೆವಳುತ್ತಿತ್ತು. ಮುಂದಿನ ಕಾರಿನವರನ್ನೆಲ್ಲ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಫೋನ್ ಮಾಡಿದ್ದ ಆ ತಾಯಿ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ್ದಿರಬೇಕು, ಸೀರೆಯ ಮೇಲೆ ಮೊಮ್ಮಗನದೋ ಏನೋ ದೊಡ್ಡ ಸ್ವೆಟರು. ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದರು. ನನ್ನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ಫ್ರೀಜರಿನಿಂದ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟರು. ಕಲ್ಲಿನಂತೆ ಹೆಪ್ಪುಗಟ್ಟಿದ ಹಳದಿ ಹಾಲು. ನಾನು ಕೈ ಚಾಚಿದವಳು ಅಲ್ಲೇ ತಡೆದೆ. ಕಟ್ಟೆಯ ಮೇಲೆ ಒಂದು ಬಟ್ಟಲಲ್ಲಿ ಕುಟ್ಟಿದ ಬೆಲ್ಲ, ಪಕ್ಕದಲ್ಲಿ ಸುಲಿದ ಏಲಕ್ಕಿ ಇತ್ತು.

"ಇದು ಯಾರಿಗೆ ಅಂತ ಇಟ್ಟಿದ್ದು ಅಮ್ಮ?" ಎಂದೆ.

ಅವರು ಹೇಳಿದರು. ಅವರ ಯಜಮಾನರಿಗೆ ಕಾಯಿಲೆ, ಇನ್ನು ಔಷಧಿ ಸಾಕು, ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ದಿನಕ್ಕೆ ಎರಡು ಚಮಚ ಗಂಜಿ ಕುಡಿಸುವುದೇ ಸಾಹಸ. ಮಾತೂ ಕಡಿಮೆಯಾಗಿತ್ತು. ಹೋದವಾರ ಇದ್ದಕ್ಕಿದ್ದಂತೆ "ಗಿಣ್ಣು" ಎಂದರಂತೆ. ಮಗ ಎಲ್ಲೆಲ್ಲೋ ವಿಚಾರಿಸಿ, ಪೆಟಲೂಮಾದ ಆಚೆ ಯಾವುದೋ ಡೇರಿಯವರನ್ನು ಕಾಡಿ ಬೇಡಿ, ಈ ಒಂದು ಬಾಟಲಿ ತಂದಿದ್ದ. ಅವತ್ತೇ ಮಾಡುವುದೆಂದು ಬೆಲ್ಲ ಕುಟ್ಟಿ ಇಟ್ಟಿದ್ದರು.

"ಹಂಗಾದ್ರೆ ನನಗೆ ಯಾಕೆ ಫೋನ್ ಮಾಡಿದ್ರಿ?" ನನ್ನ ದನಿ ಏರಿತು. ಅವರ ಮೇಲೆ ಸಿಟ್ಟಲ್ಲ, ಏನು ಮಾಡಬೇಕೆಂದು ತಿಳಿಯದ ಸಿಟ್ಟು.

"ಮರಿ ಸತ್ತೋಗುತ್ತೆ ಅಂದ್ಯಲ್ಲವ್ವ. ಕೇಳಿಸ್ಕಂಡು ಸುಮ್ಕೆ ಕೂರಾಕಾಯ್ತದಾ?" ಎಂದರು. "ಆದ್ರೆ ಅವರ್ನ ಕೇಳ್ದೆ ನಾನು ಕೊಡಾಕಿಲ್ಲ. ಅವರ್ದು ಅದು. ನೀನೇ ಕೇಳು."

ಮುಂದಿನ ಕೋಣೆಯಲ್ಲಿ ಕಿಟಕಿಯ ಹತ್ತಿರ ಮಂಚ. ಹೈಸ್ಕೂಲು ಮೇಷ್ಟರಾಗಿದ್ದವರಂತೆ. ದುಪ್ಪಟಿಯ ಕೆಳಗೆ ಮೈ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದರು. ಕಣ್ಣು ಮಾತ್ರ ಚುರುಕು. ನಾನು ಯಾರ ಮುಂದೆಯೂ ತಡವರಿಸಿದವಳಲ್ಲ, ಆ ದಿನ ತಡವರಿಸಿದೆ. ಸಾಯುತ್ತಿರುವವರ ಬಾಯಿಂದ ತುತ್ತು ಕೇಳುವುದು ಹೇಗೆ? ಅಲ್ಪಾಕಾ ಎಂದರೆ ಏನು ಎಂಬಲ್ಲಿಂದ ಶುರುಮಾಡಿ, ತಾಯಿಗೆ ಹಾಲಿಲ್ಲ ಎಂಬಲ್ಲಿಗೆ ಬರುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು.

ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಿಧಾನವಾಗಿ, "ಎದ್ದು ನಿಂತದಾ?" ಎಂದರು.

"ನಿಂತಿದೆ. ನಡುಗ್ತಾ ಇದೆ."

"ತಾಯಿ ನೆಕ್ತಾಳಾ?"

"ಅಲ್ಪಾಕಾ ನೆಕ್ಕಲ್ಲ ಮೇಷ್ಟ್ರೇ. ಮೂಗು ತಾಗಿಸಿ ಗುನುಗುತ್ತೆ, ಅಷ್ಟೇ."

ಅದು ಅವರಿಗೆ ಹಿಡಿಸಿತೋ ಏನೋ, ತುಟಿ ಸ್ವಲ್ಪ ಅರಳಿತು. "ನಮ್ಮವ್ವ ಮೊದ್ಲು ಕರೂಗೆ ಬಿಡ್ತಿದ್ಲು. ಅದ್ರ ಹೊಟ್ಟೆ ತುಂಬಿ ಮಿಕ್ಕುದ್ರೆ ನಮ್ಗೆ. ತಗಂಡೋಗು."

"ಅರ್ಧ ಬಿಟ್ಟು ಹೋಗ್ತೀನಿ."

"ಅದ್ಕೆ ಅರೆಹೊಟ್ಟೆ ಇಕ್ತೀಯಾ? ಎಲ್ಲಾ ತಗಂಡೋಗು." ಆಮೇಲೆ, "ಕುಡೀತೋ ಇಲ್ವೋ ಅಂತ ಫೋನ್ ಮಾಡಿ ಹೇಳು" ಎಂದರು.

ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಮನೆಗೆ ತಂದೆ. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ನಿಧಾನಕ್ಕೆ ಕರಗಿಸಬೇಕು. ಬಿಸಿ ಹೆಚ್ಚಾದರೆ ಅದು ಗಟ್ಟಿಯಾಗುತ್ತದೆ; ಆಮೇಲೆ ಬೆಲ್ಲ ಹಾಕಿಕೊಂಡು ನಾವೇ ತಿನ್ನಬೇಕಷ್ಟೆ. ಗಂಡ ಥರ್ಮಾಮೀಟರು ಹಿಡಿದು ನಿಂತರು. ಮರಿ ಅಷ್ಟು ಹೊತ್ತಿಗೆ ತಲೆ ಎತ್ತುವುದನ್ನು ಬಿಟ್ಟಿತ್ತು. ರಬ್ಬರಿನ ತೊಟ್ಟು ಬಾಯಿಗಿಟ್ಟರೆ ನಾಲಿಗೆಯಿಂದ ಹೊರಗೆ ತಳ್ಳಿತು. ಮರಿ ತಾಯಿಯ ಹೊಟ್ಟೆ ಕೆಳಗಿನ ಕತ್ತಲಲ್ಲಿ ಹಾಲು ಹುಡುಕುತ್ತದೆ, ಅದರ ಕಣ್ಣಿಗೆ ಬಟ್ಟೆ ಮುಚ್ಚಿ ನೋಡಿ ಎಂದಿದ್ದಳು ಪಶುವೈದ್ಯೆ. ಜಾಕೆಟ್ಟನ್ನು ಅದರ ತಲೆಯ ಮೇಲೆ ಎಳೆದೆ. ಒಂದು ಸಲ ಚೀಪಿತು. ಬಿಟ್ಟಿತು. ಮತ್ತೆ ಚೀಪಿತು. ಆಮೇಲೆ ಗಂಟಲಿನಿಂದ ಗುಟುಕು ಇಳಿಯುವ ಸದ್ದು ಕೇಳಿಸಿತು. ಗಂಡ ಅತ್ತೇಬಿಟ್ಟರು. ನಾನು ಫೋನ್ ತೆಗೆದು ಸರಟೋಗಾಕ್ಕೆ ಮಾಡಿದೆ.

"ಕುಡೀತು" ಎಂದೆ.

"ಕುಡೀತಂತೆ ಕಣ್ರೀ!" ಎಂದು ಆ ತಾಯಿ ಕೂಗಿದ್ದು ಕೇಳಿಸಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಾರನೆಯ ದಿನ ಮಧ್ಯಾಹ್ನ ಅವರದೇ ಫೋನ್ ಬಂತು. ಸ್ಪೀಕರಿಗೆ ಹಾಕಿದ್ದರು. ಮೇಷ್ಟರ ದನಿ, ಒಣಎಲೆಯ ಸದ್ದಿನಷ್ಟು: "ಕುಡೀತಾ?"

"ಕುಡೀತು ಮೇಷ್ಟ್ರೇ. ಮೂರು ಗಂಟೆಗೊಂದು ಸಲ ಕೊಡ್ತಿದೀವಿ."

"ನೋಡಿ, ಅದು ಕುಡೀತಂತೆ. ನೀವೂ ಎಲ್ಡು ಚಮಚ ಕುಡೀರಿ ಮತ್ತೆ" ಎಂದರು ಆ ತಾಯಿ. ಲೋಟಕ್ಕೆ ಚಮಚ ತಾಗಿದ ಸದ್ದು. ನಾನು ಫೋನ್ ಹಿಡಿದುಕೊಂಡೇ ನಿಂತಿದ್ದೆ.

ಹೀಗೆ ದಿನಾ. ಮಧ್ಯಾಹ್ನದ ಹೊತ್ತಿಗೆ ಫೋನ್, ಅದೇ ಪ್ರಶ್ನೆ, ಅದೇ ಉತ್ತರ, ಆಮೇಲೆ ಗಂಜಿ. ನನ್ನ ಒಂದು ಮಾತಿನಿಂದ ಅಲ್ಲಿ ಒಬ್ಬರ ಗಂಟಲಲ್ಲಿ ಗುಟುಕು ಇಳಿಯುತ್ತದೆ ಎಂಬುದು ಮೊದಮೊದಲು ಖುಷಿ ಕೊಟ್ಟಿತು. ಆಮೇಲೆ ಹೆದರಿಕೆಯಾಯಿತು. ಮರಿ ಇನ್ನೂ ಗಟ್ಟಿಯಾಗಿರಲಿಲ್ಲ. ಗಿಣ್ಣು ಹಾಲು ಮುಗಿದ ಮೇಲೆ ಗ್ರೋಸರಿಯ ಮೇಕೆ ಹಾಲು ಕೊಡುತ್ತಿದ್ದೆವು. ಬಾಟಲಿಯಲ್ಲಿ ಬೆಳೆದ ಗಂಡು ಮರಿಯನ್ನು ಮುದ್ದು ಮಾಡಬೇಡಿ, ದೊಡ್ಡದಾದ ಮೇಲೆ ಮನುಷ್ಯರನ್ನು ತನ್ನ ಜಾತಿಯವರೆಂದೇ ತಿಳಿದು ಮೇಲೆರಗಿ ಬರುತ್ತದೆ ಎಂದು ಪಶುವೈದ್ಯೆ ಕಟ್ಟುನಿಟ್ಟಾಗಿ ಹೇಳಿದ್ದಳು. ಕುಡಿಸಿ, ಬಾಟಲಿ ಕಿತ್ತುಕೊಂಡು, ಮಂದೆಯೊಳಗೆ ಬಿಟ್ಟು ಹಿಂದೆ ತಿರುಗಿ ನೋಡದೆ ಬರಬೇಕು. ನನ್ನ ಗಂಡನಿಗೆ ಇದು ಪ್ರಾಣಸಂಕಟ. ನನಗೆ ಸುಲಭ ಎಂದು ಅವರು ಹಂಗಿಸುತ್ತಿದ್ದರು. ಸುಲಭವೇನೂ ಆಗಿರಲಿಲ್ಲ. ಹಾಲಿಲ್ಲದ ಕಂದುಬಣ್ಣದವಳು ಮಾತ್ರ ಮರಿ ಬಂದಾಗಲೆಲ್ಲ ಅಲುಗಾಡದೆ ನಿಂತು ಕೆಚ್ಚಲು ಎಳೆಸಿಕೊಳ್ಳುತ್ತಿದ್ದಳು. ಬರಿಯ ಕೆಚ್ಚಲು ಎಳೆದು ಎಳೆದು ಮರಿ ಅಲ್ಲೇ ನಿದ್ದೆ ಹೋಗುತ್ತಿತ್ತು. ಹೊಟ್ಟೆ ತುಂಬಿಸಿದವಳು ನಾನು, ಆದರೂ ಅದಕ್ಕೆ ಬೇಕಾದವಳು ಅವಳೇ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ನಡುವೆ ಮೇಷ್ಟರ ಮಗ ಮತ್ತೆ ಡೇರಿಗೆ ಹೋಗಿ ಇನ್ನೊಂದು ಬಾಟಲಿ ತಂದ. ಗಿಣ್ಣು ಆಯಿತು. ಮೇಷ್ಟರು ಒಂದು ಚಮಚ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಚಪ್ಪರಿಸಿ, "ಬೆಲ್ಲ ಮುಂದಾಯ್ತು" ಎಂದರಂತೆ. ಅದನ್ನು ಹೇಳುತ್ತ ಆ ತಾಯಿ ಫೋನಿನಲ್ಲಿ ಎಷ್ಟು ನಕ್ಕರೆಂದರೆ ನನ್ನ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು.

ಆಮೇಲೆ ಒಂದು ದಿನ ಮರಿ ಕುಡಿಯಲಿಲ್ಲ. ಬೆಳಿಗ್ಗೆ ಬಾಟಲಿ ಹಿಡಿದು ಹೋದರೆ ಬೆನ್ನು ಗೂನು ಮಾಡಿಕೊಂಡು ಒಂದು ಮೂಲೆಯಲ್ಲಿ ಕೂತಿತ್ತು. ಹಿಂಗಾಲೆಲ್ಲ ಭೇದಿ. ಬಲವಂತ ಮಾಡಿದರೆ ಹಾಲು ಬಾಯಿಯ ಪಕ್ಕದಿಂದ ಇಳಿದುಹೋಯಿತು. ಪಶುವೈದ್ಯೆ ಬಂದು ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೆ ನೀರು ಏರಿಸಿ, ನಾಳೆಯವರೆಗೆ ನೋಡೋಣ ಎಂದಳು. ಅವಳ ಕಾರು ಗೇಟು ದಾಟುವಾಗಲೇ ನನ್ನ ಫೋನು ಬಡಿದುಕೊಂಡಿತು.

"ಕುಡೀತಾ?"

ನಾನು ಸುಳ್ಳಿಗೆ ಹೋದವಳಲ್ಲ. ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಎಷ್ಟೋ ಸ್ನೇಹ ಕಳೆದುಕೊಂಡಿದ್ದೇನೆ. ಆದರೆ ಅಲ್ಲಿ ಚಮಚ ಹಿಡಿದು ಕಾಯುತ್ತಿರುವ ಆ ತಾಯಿಯ ಕೈ ನನಗೆ ಕಾಣುತ್ತಿತ್ತು. "ಕುಡೀತು ಮೇಷ್ಟ್ರೇ" ಎಂದೆ.

"ಎಷ್ಟು?"

ಅಷ್ಟೂ ವರ್ಷ ಮಕ್ಕಳ ಮುಖ ನೋಡಿ ಪಾಠ ಓದಿದ್ದಾರೋ ಇಲ್ಲವೋ ಎಂದು ಹೇಳುತ್ತಿದ್ದ ಮನುಷ್ಯ. ನನ್ನ ಮೌನ ಅವರಿಗೆ ಸಾಕಾಯಿತು. ಸಣ್ಣಗೆ ನಕ್ಕರು, ಅದೇ ಕೆಮ್ಮಾಯಿತು.

"ಇರ್ಲಿ ಬಿಡು," ಎಂದರು. "ನಾನು ಈಗ ಕುಡೀತೀನಿ. ನಾನು ಕುಡ್ದೆ ಅಂತ ಅದ್ಕೆ ಹೋಗಿ ಹೇಳು."

ಕುಡಿದರು. ಲೋಟ ಕೆಳಗಿಟ್ಟ ಸದ್ದು ನನಗೆ ಕೇಳಬೇಕೆಂದೇ ಜೋರಾಗಿ ಇಟ್ಟಂತಿತ್ತು. ನಾನು ಫೋನನ್ನು ಜೇಬಿಗೆ ಹಾಕಿಕೊಂಡು ಮರಿಯ ಹತ್ತಿರ ಹೋಗಿ ಮಂಡಿಯೂರಿದೆ. ಇಂಗ್ಲಿಷ್ ಕೇಳಿ ಬೆಳೆದ ಮಂದೆಯ ಮರಿ ಅದು. "ಸರಟೋಗಾದ ತಾತ ಕುಡಿದರಂತೆ. ನೀನೂ ಕುಡಿ" ಎಂದು ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ. ಯಾರಾದರೂ ನೋಡಿದ್ದರೆ ಹುಚ್ಚಿ ಅಂದುಕೊಳ್ಳುತ್ತಿದ್ದರು. ಮರಿ ಕುಡಿಯಲಿಲ್ಲ. ನನ್ನ ಮುಖ ನೋಡಿ "ಹ್ಞೂಂ" ಎಂದಿತು. ಮುದ್ದು ಮಾಡಬಾರದೆಂಬುದನ್ನು ಮರೆತು ನಾನು ಅದರ ಕತ್ತಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದೆ.

ಮರುದಿನ ಬೆಳಿಗ್ಗೆ ಅದು ಬಾಟಲಿಯ ಕಾಲು ಭಾಗ ಕುಡಿಯಿತು. ಮಧ್ಯಾಹ್ನದವರೆಗೆ ಕಾಯಲಾಗದೆ ನಾನೇ ಫೋನ್ ಮಾಡಿದೆ. ಈ ಸಲ ಎಷ್ಟು ಎಂದು ಕೇಳದಿದ್ದರೂ ಹೇಳಿದೆ.

ಬೇಸಿಗೆಯಲ್ಲಿ ಅಲ್ಪಾಕಾಗಳ ಉಣ್ಣೆ ಕತ್ತರಿಸಿಯಾಯಿತು. ಕತ್ತರಿಸಿದ ಮೇಲೆ ಒಂದೊಂದೂ ಕಡ್ಡಿಯಂತೆ ಕಾಣುತ್ತವೆ, ನೋಡಿದರೆ ನಗು ಬರುತ್ತದೆ. ಮರಿ ಓಡಾಡಿಕೊಂಡು, ಹುಲ್ಲು ಕಿತ್ತು, ಎಲ್ಲರ ಹಿಂದೆ ಸರದಿಯಲ್ಲಿ ನಿಂತು ಹಿಕ್ಕೆ ಹಾಕುವುದನ್ನೂ ಕಲಿತಿತು. ಸರಟೋಗಾದ ಫೋನು ತಪ್ಪಲಿಲ್ಲ. ಮೇಷ್ಟರ ದನಿ ತೀರ ಕೆಳಗಿಳಿದ ಮೇಲೆ ಅವರು ಕೇಳಿದ್ದನ್ನು ಆ ತಾಯಿ ನನಗೆ ದಾಟಿಸುತ್ತಿದ್ದರು. ಒಂದು ಸಲ ಮರಿಯನ್ನು ವ್ಯಾನಿನಲ್ಲಿ ಹಾಕಿಕೊಂಡು ಬರಲೇ ಎಂದು ಕೇಳಿದೆ. "ಬ್ಯಾಡ, ಅದನ್ನ ತಾಯಿಂದ ಬಿಡಿಸ್ಕಂಡು ಬರಬ್ಯಾಡ" ಎಂದರಂತೆ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಫೋನ್ ಬರಲಿಲ್ಲ. ನಾನು ಮಾಡಲಿಲ್ಲ, ಮಾಡಲು ಧೈರ್ಯ ಬರಲಿಲ್ಲ. ಸಂಜೆ ಅವರ ಸೊಸೆ ಗುಂಪಿನಲ್ಲಿ ತಿಳಿಸಿದಳು. ನಾವಿಬ್ಬರೂ ಹೋದೆವು. ಮಂಚವನ್ನು ಆಗಲೇ ತೆಗೆದಿದ್ದರು. ಜನ ತುಂಬಿದ್ದರು. ಆ ತಾಯಿ ನನ್ನ ಕೈ ಹಿಡಿದುಕೊಂಡರು, ಅಳಲಿಲ್ಲ. ದೂರದಿಂದ ಬಂದಿದೀಯ, ಊಟ ಆಯಿತಾ ಎಂದು ಕೇಳಿದರು. ಅವರ ಮುಂದಿನ ತಟ್ಟೆ ಮುಟ್ಟದೆ ಇತ್ತು.

ಕರ್ಮಾಂತರಗಳೆಲ್ಲ ಮುಗಿದು, ನೆಂಟರು ಹೋಗಿ, ಮಗ ಸೊಸೆ ಕೆಲಸಕ್ಕೆ ಮರಳಿದ ಮೇಲೆ, ಒಂದು ಉರಿಬಿಸಿಲಿನ ದಿನ ನಾನು ಪೈಪು ಹಿಡಿದು ಅಲ್ಪಾಕಾಗಳ ಹೊಟ್ಟೆಗೆ ನೀರು ಬಿಡುತ್ತಿದ್ದೆ. ಮಧ್ಯಾಹ್ನದ ಹೊತ್ತು. ಫೋನು ಬಡಿಯಿತು. ಸರಟೋಗಾದ ನಂಬರು. ಎತ್ತಿದೆ. ಆ ಕಡೆ ಏನೂ ಸದ್ದಿರಲಿಲ್ಲ. ಖಾಲಿ ಮನೆಯ ಸದ್ದು ನನಗೆ ಗೊತ್ತಾಗುತ್ತದೆ.

"ಕುಡೀತೇನವ್ವ?" ಎಂದರು ಆ ತಾಯಿ.

ಮರಿ ಬಾಟಲಿ ಬಿಟ್ಟು ಬಹಳ ದಿನವಾಗಿತ್ತು. ಅದು ಅವರಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ನನ್ನ ಎದುರಿಗೇ ಅದು ಹುಲ್ಲಿನ ಕಟ್ಟಿನಲ್ಲಿ ಮುಖ ಹುದುಗಿಸಿ ಮೇಯುತ್ತಿತ್ತು.

"ಕುಡೀತಮ್ಮ" ಎಂದೆ. "ನಿಮ್ಮ ಊಟ ಆಯ್ತಾ?"

"ಒಬ್ಳಿಗೆ ಏನ್ ಇಕ್ಕಳಾದು ಅಂತ ಸುಮ್ಕೆ ಕುಂತಿದ್ದೆ ಕಣವ್ವ."

"ಎದ್ದು ತಟ್ಟೆಗೆ ಹಾಕ್ಕೊಳ್ಳಿ. ನಾನು ಫೋನ್ ಇಡಲ್ಲ."

ನಾನು ನೀರು ನಿಲ್ಲಿಸಿದೆ. ಆ ಕಡೆ ಫ್ರಿಜ್ಜಿನ ಬಾಗಿಲು ತೆಗೆದ ಸದ್ದು, ಆಮೇಲೆ ತಟ್ಟೆಯ ಸದ್ದು, ಕುರ್ಚಿ ಎಳೆದ ಸದ್ದು ಕೇಳಿಸಿತು. ಅವರು ಮೊದಲ ತುತ್ತು ನುಂಗುವವರೆಗೂ ನಾನು ಬಿಸಿಲಲ್ಲಿ ಹಾಗೇ ಫೋನ್ ಹಿಡಿದು ನಿಂತಿದ್ದೆ.